ನಾಯಿಯಿಂದ ನಾಯಿಗೆ ದಾಟುವ ಕ್ಯಾನ್ಸರ್: ಆ ಗಡ್ಡೆ ಯಾರದು?

ಪ್ರಶ್ನೆ: ನಮ್ಮ ಬಡಾವಣೆಯ ಆರೇಳು ಬೀದಿನಾಯಿಗಳಿಗೆ ಊಟ ಹಾಕುತ್ತೇವೆ. ಅವುಗಳಲ್ಲಿ ಒಂದು ಹೆಣ್ಣುನಾಯಿಗೆ ಯೋನಿಯಲ್ಲಿ ಕೆಂಪು ಗಡ್ಡೆ ಬೆಳೆದು, ತಿಂಗಳಿನಿಂದ ರಕ್ತ ತೊಟ್ಟಿಕ್ಕುತ್ತಿದೆ. ಇದು ಅಂಟುವ ಕ್ಯಾನ್ಸರ್, ಗಡ್ಡೆಯ ಜೀವಕೋಶಗಳು ಈ ನಾಯಿಯವೇ ಅಲ್ಲ ಎಂದು ಪಶುವೈದ್ಯರು ಹೇಳಿದರು. ಕ್ಯಾನ್ಸರ್ ಅಂಟುವುದುಂಟೇ? ಬೇರೆ ನಾಯಿಯ ಜೀವಕೋಶವನ್ನು ಮೈ ಯಾಕೆ ಹೊರಗೆ ಹಾಕುವುದಿಲ್ಲ? ನಮಗೂ ಬರಬಹುದೇ? ಉಳಿದ ನಾಯಿಗಳಿಗೆ ಏನು ಮಾಡಬೇಕು?

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಅಕ್ಷರಶಃ ನಿಜ. ನಿಮಗೆ ಇದು ಬರುವುದಿಲ್ಲ. ಉಳಿದ ನಾಯಿಗಳಿಗೆ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿಗಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇಷ್ಟು ಚೆನ್ನಾಗಿ ವಾಸಿಯಾಗುವಂಥವು ಅಪರೂಪ. ಯಾರಾದರೂ ದಯಾಮರಣದ ಮಾತೆತ್ತಿದರೆ ಒಪ್ಪಬೇಡಿ. ಚಿಕಿತ್ಸೆಯ ವಿವರ ಕೊನೆಯಲ್ಲಿದೆ. ಅವಸರವಿದ್ದರೆ ಅದನ್ನೇ ಮೊದಲು ಓದಿ. ಆದರೆ ಆ ಔಷಧಿ ಇಂದಿಗೂ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಈ ಗಡ್ಡೆಯ ವಂಶಚರಿತ್ರೆ ಗೊತ್ತಿರಬೇಕು.

ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಲಿ. ಕೆಲವು ಕ್ಯಾನ್ಸರ್‌ಗಳ ಹಿಂದೆ ವೈರಸ್ ಇರುತ್ತದೆ. ಕೋಳಿಗಳ ಮರೆಕ್ಸ್ ರೋಗ, ಬೆಕ್ಕುಗಳ ಲ್ಯುಕೀಮಿಯಾ, ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್ ಇದಕ್ಕೆ ಉದಾಹರಣೆ. ಅಲ್ಲಿ ಅಂಟುವುದು ವೈರಸ್, ಆಮೇಲೆ ಕ್ಯಾನ್ಸರ್ ಆಗುವುದು ರೋಗಿಯ ಸ್ವಂತ ಜೀವಕೋಶ. ನಿಮ್ಮ ನಾಯಿಯದು ಹಾಗಲ್ಲ. ಇಲ್ಲಿ ಅಂಟುವುದು ಕ್ಯಾನ್ಸರ್ ಜೀವಕೋಶವೇ. ಒಂದು ನಾಯಿಯ ಗಡ್ಡೆಯಿಂದ ಉದುರಿದ ಜೀವಂತ ಕೋಶ ಇನ್ನೊಂದರ ಲೋಳೆಪೊರೆಗೆ ಮೆತ್ತಿಕೊಂಡು ಅಲ್ಲಿ ಬೇರೂರುತ್ತದೆ. ಎತ್ತುಗಳ ಕೊಂಬಿನ ಕ್ಯಾನ್ಸರ್ ನೋಡಿದ ರೈತರು ಅದೂ ಹೀಗೆಯೇ ದಾಟುತ್ತದೆಯೇ ಎಂದು ಕೇಳುವುದುಂಟು. ಇಲ್ಲ, ಅದು ಆಯಾ ಎತ್ತಿನದೇ ಗಡ್ಡೆ, ಪಕ್ಕದ ಎತ್ತಿಗೆ ಹೋಗುವುದಿಲ್ಲ.

ನಾಯಿಯ ಈ ರೋಗವನ್ನು ವೈದ್ಯರು ಟಿವಿಟಿ ಅಥವಾ ಸಿಟಿವಿಟಿ (ಕ್ಯಾನೈನ್ ಟ್ರಾನ್ಸ್‌ಮಿಸಿಬಲ್ ವೆನೀರಿಯಲ್ ಟ್ಯೂಮರ್, ಅಂದರೆ ನಾಯಿಗಳು ಕೂಡುವಾಗ ದಾಟುವ ಗಡ್ಡೆ) ಎನ್ನುತ್ತಾರೆ. ರಷ್ಯಾದ ಪಶುವೈದ್ಯ ಮಸ್ತಿಸ್ಲಾವ್ ನೊವಿನ್‌ಸ್ಕಿ 1876ರಲ್ಲೇ ಇದನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನೆಟ್ಟು ಬೆಳೆಸಿ ತೋರಿಸಿದ್ದರು. ಆದರೂ ಅಂಟುವುದು ಜೀವಕೋಶವೋ, ಕಣ್ಣಿಗೆ ಬೀಳದ ವೈರಸ್ಸೋ ಎಂಬ ಅನುಮಾನ ನೂರು ವರ್ಷ ದಾಟಿದರೂ ಪೂರ್ತಿ ತೀರಲಿಲ್ಲ. ಸುಳಿವು ಕ್ರೋಮೊಸೋಮುಗಳಲ್ಲಿತ್ತು. ನಾಯಿಯ ಆರೋಗ್ಯವಂತ ಜೀವಕೋಶದಲ್ಲಿ 78 ಕ್ರೋಮೊಸೋಮು ಇರುತ್ತವೆ. ಈ ಗಡ್ಡೆಯ ಕೋಶಗಳಲ್ಲಿ ಸುಮಾರು 57ರಿಂದ 64. ಒಂದಕ್ಕೊಂದು ಬೆಸೆದುಕೊಂಡು ಸಂಖ್ಯೆ ಇಳಿದಿದೆ. ಇನ್ನೊಂದು ಸುಳಿವು ಎಂವೈಸಿ ಎಂಬ ಜೀನಿನ ಪಕ್ಕದ್ದು. ಲೈನ್-1 ಎಂದು ಕರೆಯುವ, ಜೀನೋಮಿನೊಳಗೆ ಜಾಗ ಬದಲಿಸುವ ಡಿಎನ್‌ಎ ತುಣುಕೊಂದು ಅಲ್ಲಿ ಬಂದು ಕೂತಿದೆ. ಯಾವ ದೇಶದ ಗಡ್ಡೆ ತೆಗೆದರೂ ಅದು ಅದೇ ಜಾಗದಲ್ಲಿದೆ. ನಾಯಿಯ ಸ್ವಂತ ರಕ್ತದಲ್ಲಿ ಇಲ್ಲ. ಸಾವಿರಾರು ನಾಯಿಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಗಡ್ಡೆಗಳಲ್ಲಿ ಅದೇ ತುಣುಕು ಅದೇ ಜಾಗಕ್ಕೆ ಬಂದು ಕೂರಲು ಸಾಧ್ಯವಿಲ್ಲ. 2006ರಲ್ಲಿ ಲಂಡನ್ನಿನ ರಾಬಿನ್ ವೈಸ್ ಅವರ ತಂಡ ಹಲವು ಖಂಡಗಳ ಗಡ್ಡೆಗಳನ್ನು ಆಯಾ ನಾಯಿಗಳ ರಕ್ತದೊಂದಿಗೆ ಹೋಲಿಸಿ ನೋಡಿತು. ಗಡ್ಡೆಗಳೆಲ್ಲ ಒಂದಕ್ಕೊಂದು ಸಂಬಂಧಿಗಳು, ಹೊತ್ತ ನಾಯಿಗಳಿಗೆ ಯಾವ ಸಂಬಂಧವೂ ಇಲ್ಲ ಎಂದು ಅಲ್ಲಿಗೆ ಇತ್ಯರ್ಥವಾಯಿತು.

ಎಂದೋ ಸತ್ತ ಮೂಲ ಮರದ ಕಡ್ಡಿಯಿಂದ ಕಸಿಯ ಮೇಲೆ ಕಸಿ ಕಟ್ಟಿ ಊರೂರಿಗೆ ಹಬ್ಬಿದ ಮಾವಿನ ಹಾಗೆ, ಎಂದೋ ಸತ್ತ ಒಂದೇ ನಾಯಿಯ ಮೈ ಸಾವಿರಾರು ವರ್ಷಗಳಿಂದ ಬೇರೆ ನಾಯಿಗಳ ಮೇಲೆ ಬೆಳೆಯುತ್ತಾ ಬಂದಿದೆ. ಎಷ್ಟು ಸಾವಿರ ವರ್ಷ? ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯಲ್ಲಿ ಕೆಲವು ಬಗೆಯ ತಪ್ಪುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸೇರುತ್ತಾ ಹೋಗುತ್ತವೆ. ಅವನ್ನು ಎಣಿಸಿದರೆ ವಯಸ್ಸು ಸಿಗುತ್ತದೆ. ಎಲಿಜಬೆತ್ ಮರ್ಚಿಸನ್ ಅವರ ತಂಡ 2014ರಲ್ಲಿ ಪೂರ್ಣ ಜೀನೋಮ್ ಓದಿ ಸುಮಾರು 11,000 ವರ್ಷ ಎಂದು ಅಂದಾಜಿಸಿತ್ತು. 2019ರಲ್ಲಿ 43 ದೇಶಗಳ 546 ಗಡ್ಡೆಗಳನ್ನು ಓದಿದ ಮೇಲೆ ಅದು 4,000ದಿಂದ 8,500 ವರ್ಷಕ್ಕೆ ತಿದ್ದುಪಡಿಯಾಯಿತು. ಹುಟ್ಟಿದ್ದು ಏಷ್ಯಾದಲ್ಲಿ. ಐರೋಪ್ಯರು ಹೋಗುವ ಮೊದಲು ಅಮೆರಿಕ ಖಂಡದಲ್ಲಿದ್ದ ನಾಯಿಗಳು ಆ ಮೂಲ ನಾಯಿಗೆ ಹತ್ತಿರದ ನೆಂಟರು. ಆ ನಾಯಿ ತಳಿ ಹೆಚ್ಚುಕಡಿಮೆ ಅಳಿದುಹೋಗಿದೆ. ಈ ಗಡ್ಡೆ ಬದುಕಿದೆ. ಏಷ್ಯಾದಿಂದ ಅದು ಹೊರಬಿದ್ದದ್ದು ಸುಮಾರು 2,000 ವರ್ಷಗಳ ಹಿಂದೆ, ಅಮೆರಿಕ ಮುಟ್ಟಿದ್ದು 500 ವರ್ಷಗಳ ಹಿಂದೆ, ಹಡಗು ಹತ್ತಿದ ನಾಯಿಗಳ ಜೊತೆ. ಅಲ್ಲಿಂದ ಮತ್ತೆ ಹಡಗೇರಿ ಬೇರೆ ಖಂಡಗಳಿಗೆ ಹೋಯಿತು.

ಗಡ್ಡೆ ಹೊರಗಿನದೇ ಎಂದು ಪ್ರಯೋಗಾಲಯದಲ್ಲಿ ಖಚಿತಪಡಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಎಡವುವುದು ಸುಲಭ. ಗಡ್ಡೆಯ ಬಟಾಣಿ ಗಾತ್ರದ ಚೂರು, ಅದೇ ನಾಯಿಯ ಎರಡು ಎಂಎಲ್ ರಕ್ತ, ಎರಡೂ ಬೇಕು. ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ, ಚೂರನ್ನು ಆಲ್ಕೊಹಾಲಿನಲ್ಲಿ ಇಡಬೇಕು. ಫಾರ್ಮಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ತುಂಡಾಗುತ್ತದೆ. ಎರಡರಿಂದಲೂ ಡಿಎನ್‌ಎ ತೆಗೆದು, ನಾಯಿಯಿಂದ ನಾಯಿಗೆ ಉದ್ದ ಬದಲಾಗುವ ಮೈಕ್ರೊಸ್ಯಾಟಲೈಟ್ ಗುರುತುಗಳನ್ನು ಹೋಲಿಸುತ್ತಾರೆ. ಸಾಮಾನ್ಯ ಕ್ಯಾನ್ಸರ್ ಆದರೆ ಗಡ್ಡೆಯಲ್ಲಿ ರಕ್ತದಲ್ಲಿರುವ ಗುರುತುಗಳೇ ಇರುತ್ತವೆ, ಕೆಲವು ಕಳೆದುಹೋಗಿರಬಹುದು ಅಷ್ಟೇ. ರಕ್ತದಲ್ಲಿ ಇಲ್ಲವೇ ಇಲ್ಲದ ಗುರುತುಗಳು ಗಡ್ಡೆಯ ತುಂಬ ಕಾಣಿಸಿದರೆ ಅದು ಹೊರಗಿನದು.

ತೊಡಕು ಎಲ್ಲಿ? ಗಡ್ಡೆಯೊಳಗಿನ ರಕ್ತನಾಳ, ನಾರು, ಬಿಳಿ ರಕ್ತಕಣ ಎಲ್ಲ ಆತಿಥೇಯ ನಾಯಿಯವೇ. ಅವುಗಳ ಡಿಎನ್‌ಎ ಬೆರೆತೇ ಬರುತ್ತದೆ. ಕರಗಲು ಶುರುವಾದ ಗಡ್ಡೆಗೆ ಬಿಳಿ ಕಣಗಳು ಮುತ್ತಿಗೆ ಹಾಕಿರುತ್ತವೆ. ಅಂಥ ಚೂರನ್ನು ಓದಿದರೆ ನಾಯಿಯದೇ ಗುರುತು ಎದ್ದು ಕಂಡು, ಇದು ಅಂಟುವ ಕ್ಯಾನ್ಸರ್ ಅಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರಬಹುದು. ಬೆಳೆಯುತ್ತಿರುವ ಅಂಚಿನಿಂದ ಚೂರು ತೆಗೆಯಿರಿ ಎನ್ನುವುದು ಇದಕ್ಕೇ. ಎರಡನೆಯ ತೊಡಕು ಮೈಟೊಕಾಂಡ್ರಿಯಾ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಪುಟ್ಟ ಭಾಗ. ಅದರ ಡಿಎನ್‌ಎ ಚಿಕ್ಕದು, ಓದಲು ಅಗ್ಗ, ಹಾಗಾಗಿ ಅದೊಂದನ್ನೇ ನೋಡಿ ಮುಗಿಸುವ ಆಸೆ ಬರುತ್ತದೆ. ಆದರೆ ಈ ಗಡ್ಡೆ ತನ್ನ ಆತಿಥೇಯ ನಾಯಿಗಳಿಂದ ಮೈಟೊಕಾಂಡ್ರಿಯಾವನ್ನು ಕನಿಷ್ಠ ಐದು ಸಲ ಕದ್ದುಕೊಂಡಿದೆ ಎಂದು 2016ರಲ್ಲಿ ಗೊತ್ತಾಯಿತು. ಸಾವಿರಾರು ವರ್ಷಗಳಲ್ಲಿ ಹಾಳಾದ ತನ್ನದರ ಬದಲು ಹೊಸದು ಸಿಕ್ಕಿದ್ದು ಅದಕ್ಕೆ ಲಾಭವೇ ಆಗಿರಬೇಕು. ಆದ್ದರಿಂದ ವಂಶಾವಳಿ ಬರೆಯುವವರು ಕೋಶಕೇಂದ್ರದ ಡಿಎನ್‌ಎಯನ್ನೇ ನಂಬಬೇಕು. ನಿತ್ಯದ ರೋಗಪತ್ತೆಗಾದರೆ ಇಷ್ಟೆಲ್ಲ ಬೇಡ. ಎಂವೈಸಿ ಪಕ್ಕದ ಆ ಲೈನ್-1 ತುಣುಕನ್ನು ಪಿಸಿಆರ್ ಎಂಬ, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆಯಿಂದ ಹುಡುಕಿದರೆ ಸಾಕು, ಗಡ್ಡೆಯಲ್ಲಿ ಪಟ್ಟಿ ಮೂಡುತ್ತದೆ, ರಕ್ತದಲ್ಲಿ ಮೂಡುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಿಡ್ನಿ ಕಸಿಗೆ ಅಷ್ಟು ಹೊಂದಾಣಿಕೆ ನೋಡುವಾಗ, ಯಾರದೋ ಗಡ್ಡೆ ಹೇಗೆ ಉಳಿಯುತ್ತದೆ? ದೇಹದ ಬಹುತೇಕ ಪ್ರತಿ ಜೀವಕೋಶವೂ ತನ್ನ ಮೇಲ್ಮೈಯಲ್ಲಿ ಎಂಎಚ್‌ಸಿ ಎಂಬ ಪ್ರೋಟೀನುಗಳನ್ನು ಗುರುತುಚೀಟಿಯಾಗಿ ತೋರಿಸುತ್ತಿರುತ್ತದೆ. ಚೀಟಿ ಬೇರೆಯವರದಾದರೆ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಕೊಲ್ಲುತ್ತವೆ. ಸಿಟಿವಿಟಿ ಬೆಳೆಯುವ ಹಂತದಲ್ಲಿ ಬಹುತೇಕ ಚೀಟಿಯನ್ನೇ ತೋರಿಸುವುದಿಲ್ಲ. ಚೀಟಿ ಇಲ್ಲದವರನ್ನು ಕೊಲ್ಲುವ ಇನ್ನೊಂದು ಪಡೆ ದೇಹದಲ್ಲಿದೆ. ಅದನ್ನು ತಡೆಯಲು ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಸುರಿಸುತ್ತದೆ. ಆದರೆ ಈ ಮರೆ ಶಾಶ್ವತವಲ್ಲ. ಪ್ರಯೋಗಕ್ಕಾಗಿ ಗಡ್ಡೆ ನೆಟ್ಟ ನಾಯಿಗಳಲ್ಲಿ ಕೆಲವು ತಿಂಗಳ ಮೇಲೆ ಬಿಳಿ ಕಣಗಳು ಒಳನುಗ್ಗಿ, ರೋಗನಿರೋಧಕ ವ್ಯವಸ್ಥೆಯ ಸಂದೇಶವಾಹಕವಾದ ಇಂಟರ್‌ಲ್ಯುಕಿನ್-6 ಹೆಚ್ಚಾಗಿ, ಟಿಜಿಎಫ್-ಬೀಟಾದ ಹಿಡಿತ ಸಡಿಲವಾಗುತ್ತದೆ. ಮೂರನೇ ಒಂದರಷ್ಟು ಗಡ್ಡೆಕೋಶಗಳು ಚೀಟಿ ತೋರಿಸತೊಡಗುತ್ತವೆ. ಗಡ್ಡೆ ತಾನೇ ಕರಗುತ್ತದೆ, ಆ ನಾಯಿಗೆ ಮತ್ತೆ ಬರುವುದು ಅಪರೂಪ. ಬೀದಿಯಲ್ಲಿ ಸಹಜವಾಗಿ ಬಂದ ಗಡ್ಡೆ ಇಷ್ಟು ಸಲೀಸಾಗಿ ಕರಗುವುದಿಲ್ಲ. ತಾನಾಗಿ ಹೋಗುತ್ತದೆ ಎಂದು ಕಾಯುತ್ತಾ ಕೂರುವುದು ತಪ್ಪು.

ಗಮನಿಸಿ, ಇಲ್ಲಿ ಗಡ್ಡೆಗೂ ನಾಯಿಗೂ ಒಂದು ಬಗೆಯ ರಾಜಿಯಾಗಿದೆ. ಬೇರೆ ಅಂಗಗಳಿಗೆ ಹರಡುವುದು ಕಡಿಮೆ, ನಾಯಿ ಸಾಯುವುದೂ ಕಡಿಮೆ, ಗಡ್ಡೆ ದಾಟಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ರಾಜಿಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಟಾಸ್ಮೇನಿಯಾದಲ್ಲಿ ನೋಡಬಹುದು.

ಆಸ್ಟ್ರೇಲಿಯಾದ ಆ ದ್ವೀಪದಲ್ಲಿ ಟಾಸ್ಮೇನಿಯನ್ ಡೆವಿಲ್ ಎಂಬ, ಸಣ್ಣ ನಾಯಿಯಷ್ಟಿರುವ ಹೊಟ್ಟೆಚೀಲದ ಮಾಂಸಾಹಾರಿ ಪ್ರಾಣಿ ಇದೆ. ಹೆಣದ ಮೇಲೆ ಜಗಳವಾಡುವಾಗ, ಜೊತೆಗೂಡುವಾಗ ಒಂದರ ಮುಖವನ್ನೊಂದು ಕಚ್ಚುವುದು ಅದರ ಸ್ವಭಾವ. 1996ರಲ್ಲಿ ದ್ವೀಪದ ಈಶಾನ್ಯ ಮೂಲೆಯಲ್ಲಿ ಮುಖದ ತುಂಬ ಗಡ್ಡೆಯಿದ್ದ ಡೆವಿಲ್ ಮೊದಲ ಬಾರಿ ಫೋಟೊದಲ್ಲಿ ಸಿಕ್ಕಿತು. ಬಾಯಿ ಮುಚ್ಚಿಹೋಗಿ, ತಿನ್ನಲಾಗದೆ, ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ ಪ್ರಾಣಿ ಸಾಯುತ್ತದೆ. ರೋಗ ಮೊದಲು ಕಾಣಿಸಿಕೊಂಡ ಪ್ರದೇಶಗಳಲ್ಲಿ ಡೆವಿಲ್‌ಗಳ ಸಂಖ್ಯೆ ಶೇ 80ಕ್ಕೂ ಹೆಚ್ಚು ಕುಸಿಯಿತು. 2008ರಲ್ಲಿ ಅದನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು.

ಅಂಟುವುದು ಜೀವಕೋಶವೇ ಎಂದು ಇಲ್ಲಿ ಕಂಡುಹಿಡಿದವರು ಟಾಸ್ಮೇನಿಯಾದ ವಿಜ್ಞಾನಿ ಆ್ಯನ್-ಮರೀ ಪಿಯರ್ಸ್. ಡೆವಿಲ್‌ಗೆ 14 ಕ್ರೋಮೊಸೋಮು. ಗಡ್ಡೆಗಳಲ್ಲಿ 13, ಅವೂ ಒಂದೇ ಕ್ರಮದಲ್ಲಿ ಕಲಸಿಹೋಗಿದ್ದವು. ಲಿಂಗ ಕ್ರೋಮೊಸೋಮುಗಳೇ ಕಾಣುತ್ತಿರಲಿಲ್ಲ. ವಾದವನ್ನು ಗೆಲ್ಲಿಸಿದ್ದು ಒಂದು ಪ್ರಾಣಿ. ಅದರ ಆರೋಗ್ಯವಂತ ಕೋಶಗಳಲ್ಲಿ ಐದನೇ ಕ್ರೋಮೊಸೋಮಿನ ಒಂದು ಭಾಗ ಹುಟ್ಟಿನಿಂದಲೇ ತಿರುಗುಮುರುಗಾಗಿತ್ತು. ಅದೇ ಪ್ರಾಣಿಯ ಗಡ್ಡೆಯಲ್ಲಿ ಆ ಗುರುತು ಇರಲಿಲ್ಲ. ಸ್ವಂತ ಕೋಶದಿಂದ ಹುಟ್ಟಿದ ಗಡ್ಡೆಯಾದರೆ ಆ ಗುರುತು ಇರಲೇಬೇಕಿತ್ತು. 2006ರಲ್ಲಿ ಇದು ಪ್ರಕಟವಾಯಿತು. ಆಮೇಲೆ ನೋಡಿದರೆ, ಗಡ್ಡೆಯ ಮೂಲ ನರತಂತುಗಳಿಗೆ ಹೊದಿಕೆ ಹಾಕುವ ಶ್ವಾನ್ ಕೋಶ, ಮೂಲ ಪ್ರಾಣಿ ಒಂದು ಹೆಣ್ಣು.

ಡೆವಿಲ್‌ಗಳಲ್ಲಿ ವಂಶವೈವಿಧ್ಯ ತೀರಾ ಕಡಿಮೆ, ಎಲ್ಲವೂ ಅಣ್ಣತಮ್ಮಂದಿರಂತೆ ಇರುವುದರಿಂದ ಪರಕೀಯ ಎಂದು ಗೊತ್ತಾಗುವುದಿಲ್ಲ ಎಂಬುದು ಮೊದಲ ವಿವರಣೆ. ಈಗಲೂ ಬಹಳ ಕಡೆ ಅದನ್ನೇ ಬರೆಯುತ್ತಾರೆ. ಅದು ಸಾಲದು. ಒಂದು ಡೆವಿಲ್‌ನ ಚರ್ಮವನ್ನು ಇನ್ನೊಂದಕ್ಕೆ ಹೊಲಿದರೆ ದೇಹ ತಿರಸ್ಕರಿಸುತ್ತದೆ. ಅಂದರೆ ಗುರುತು ಹಿಡಿಯುವ ಶಕ್ತಿ ಅವುಗಳಿಗಿದೆ. ಅಸಲಿ ಕಾರಣ 2013ರಲ್ಲಿ ಸಿಕ್ಕಿತು: ಈ ಗಡ್ಡೆಯೂ ಎಂಎಚ್‌ಸಿ ಚೀಟಿಯನ್ನು ಅಡಗಿಸುತ್ತದೆ. ಜೀನುಗಳು ಕೆಟ್ಟಿಲ್ಲ, ಅವುಗಳ ಸ್ವಿಚ್ ಆರಿಸಿದೆ ಅಷ್ಟೇ. ಇಂಟರ್‌ಫೆರಾನ್-ಗಾಮಾ ಎಂಬ ಇನ್ನೊಂದು ಸಂದೇಶವಾಹಕ ಹಾಕಿದರೆ ಚೀಟಿ ಮತ್ತೆ ಮೇಲೆ ಬರುತ್ತದೆ. ಲಸಿಕೆಯ ಪ್ರಯತ್ನಗಳಿಗೆ ಹಿಡಿಗೂಟ ಸಿಕ್ಕಿದ್ದು ಇಲ್ಲಿಂದ.

2014ರಲ್ಲಿ ಬಂದ ಸುದ್ದಿ ಎಲ್ಲರನ್ನೂ ಕಂಗೆಡಿಸಿತು. ದ್ವೀಪದ ಆಗ್ನೇಯ ಭಾಗದಲ್ಲಿ ಸಿಕ್ಕ ಒಂದು ಮುಖದ ಗಡ್ಡೆಯಲ್ಲಿ ವೈ ಕ್ರೋಮೊಸೋಮ್ ಇತ್ತು. ಮೊದಲ ಗಡ್ಡೆಯ ಮೂಲ ಹೆಣ್ಣು, ಈ ಗಡ್ಡೆ ಗಂಡಿನದು. ಅಂದರೆ ಅದೇ ಜಾತಿಯಲ್ಲಿ, ಅದೇ ಚಿಕ್ಕ ದ್ವೀಪದಲ್ಲಿ, ಸಂಬಂಧವೇ ಇಲ್ಲದ ಇನ್ನೊಂದು ಅಂಟುವ ಕ್ಯಾನ್ಸರ್ ಹುಟ್ಟಿಕೊಂಡಿತ್ತು. 2023ರಲ್ಲಿ ಪ್ರಕಟವಾದ ಜೀನೋಮ್ ಲೆಕ್ಕದ ಪ್ರಕಾರ ಮೊದಲನೆಯದು ಹುಟ್ಟಿದ್ದು 1986ರ ಸುಮಾರಿಗೆ, ಅಂದರೆ ಫೋಟೊ ಸಿಗುವುದಕ್ಕೆ ಹತ್ತು ವರ್ಷ ಮೊದಲೇ. ಎರಡನೆಯದು 2011ರ ಆಸುಪಾಸಿನಲ್ಲಿ, ಅದರ ಡಿಎನ್‌ಎಯಲ್ಲಿ ತಪ್ಪುಗಳು, ಅಂದರೆ ಮ್ಯುಟೇಶನ್‌ಗಳು, ಸೇರುವ ವೇಗ ಮೊದಲನೆಯದರ ಮೂರು ಪಟ್ಟು. ಇಂಥ ಕ್ಯಾನ್ಸರ್ ಯುಗಕ್ಕೊಮ್ಮೆ ಹುಟ್ಟುವ ವಿಚಿತ್ರ ಎಂಬ ನಂಬಿಕೆ ಇಲ್ಲಿಗೆ ಮುರಿಯಿತು. ಮುಖ ಕಚ್ಚುವ ಅಭ್ಯಾಸವಿರುವ ಜಾತಿಯಲ್ಲಿ, ಗಾಯವಾದಲ್ಲಿ ಚುರುಕಾಗಿ ಒಡೆಯುವ ಶ್ವಾನ್ ಕೋಶಗಳಿಗೆ, ದಾಟಲು ದಾರಿ ಸದಾ ತೆರೆದೇ ಇರುತ್ತದೆ.

ಡೆವಿಲ್‌ಗಳೂ ಸುಮ್ಮನೆ ಕೂತಿಲ್ಲ. ರೋಗ ಬರುವ ಮೊದಲು ಮತ್ತು ಬಂದ ಮೇಲೆ ಮೂರು ಕಡೆ ಸಂಗ್ರಹಿಸಿದ ಡಿಎನ್‌ಎ ಹೋಲಿಸಿದಾಗ, ನಾಲ್ಕರಿಂದ ಆರು ತಲೆಮಾರುಗಳಲ್ಲೇ ಜೀನೋಮಿನ ಎರಡು ಭಾಗಗಳು ಮೂರೂ ಕಡೆ ಒಂದೇ ದಿಕ್ಕಿನಲ್ಲಿ ಬದಲಾಗಿದ್ದವು. ಅಲ್ಲಿರುವ ಏಳು ಜೀನುಗಳಲ್ಲಿ ಐದು ರೋಗನಿರೋಧಕ ಶಕ್ತಿಗೆ ಅಥವಾ ಕ್ಯಾನ್ಸರಿಗೆ ಸಂಬಂಧಿಸಿದವು. ಗಡ್ಡೆ ತಾನೇ ಕರಗಿದ ಕೆಲವು ಪ್ರಾಣಿಗಳೂ ಸಿಕ್ಕಿವೆ. ರೋಗವಿಲ್ಲದ ಡೆವಿಲ್‌ಗಳನ್ನು 2012ರಿಂದ ಟಾಸ್ಮೇನಿಯಾ ಪಕ್ಕದ ಮರಾಯಾ ದ್ವೀಪದಲ್ಲಿ ಬಿಟ್ಟು ಸಾಕುತ್ತಿದ್ದಾರೆ. ಈ ಪ್ರಾಣಿ ಪೂರ್ತಿ ಅಳಿಯುತ್ತದೆ ಎಂಬ ಹಳೆಯ ಭವಿಷ್ಯವಾಣಿಗೆ ಈಗ ಅಷ್ಟು ಬಲವಿಲ್ಲ, ಎರಡನೇ ಗಡ್ಡೆ ಏನು ಮಾಡುತ್ತದೆ ಎಂಬುದರ ಮೇಲೆ ಕಣ್ಣಿಡಲೇಬೇಕು.

ಸಮುದ್ರದ್ದು ಇನ್ನೂ ದೊಡ್ಡ ಕಥೆ. ಕರಾವಳಿಯಲ್ಲಿ ಮರುವಾಯಿ, ಬಳಚು, ನೀಲಿಕಲ್ಲು ಎನ್ನುವ ಬಗೆಯ ಎರಡು ಚಿಪ್ಪಿನ ಜೀವಿಗಳಲ್ಲಿ ರಕ್ತದ ಕ್ಯಾನ್ಸರನ್ನು ಹೋಲುವ ಒಂದು ರೋಗ ದಶಕಗಳಿಂದ ಗೊತ್ತಿತ್ತು. ಮಾಲಿನ್ಯವೋ ವೈರಸ್ಸೋ ಎಂದು ಹುಡುಕುತ್ತಿದ್ದರು. 2015ರಲ್ಲಿ ಮೈಕೆಲ್ ಮೆಟ್ಜರ್ ಮತ್ತು ಸ್ಟೀಫನ್ ಗಾಫ್ ಅವರ ತಂಡ ಉತ್ತರ ಅಮೆರಿಕದ ಅಟ್ಲಾಂಟಿಕ್ ತೀರದ ಮೃದು ಚಿಪ್ಪಿನ ಕ್ಲ್ಯಾಮ್‌ಗಳಲ್ಲಿ ಅದು ಒಂದೇ ಕ್ಯಾನ್ಸರಿನ ಸಂತತಿ ಎಂದು ತೋರಿಸಿತು. ದಾರಿ ತೋರಿದ್ದು ಸ್ಟೀಮರ್ ಎಂಬ ಜಾಗ ಬದಲಿಸುವ ಡಿಎನ್‌ಎ. ಆರೋಗ್ಯವಂತ ಕ್ಲ್ಯಾಮಿನಲ್ಲಿ ಅದರ ಪ್ರತಿಗಳು 2ರಿಂದ 10, ಕ್ಯಾನ್ಸರ್ ಕೋಶದಲ್ಲಿ 150ರಿಂದ 300, ಅದೂ ನೂರಾರು ಮೈಲಿ ದೂರದ ಕ್ಲ್ಯಾಮ್‌ಗಳಲ್ಲಿ ಅವೇ ಜಾಗಗಳಲ್ಲಿ. ಇಲ್ಲಿ ಕಚ್ಚುವುದೂ ಬೇಡ, ಕೂಡುವುದೂ ಬೇಡ. ರೋಗಿ ಚಿಪ್ಪು ನೀರಿಗೆ ಬಿಟ್ಟ ಕೋಶ, ನೀರು ಸೋಸಿ ತಿನ್ನುವ ಪಕ್ಕದ ಚಿಪ್ಪಿನೊಳಗೆ ತಾನೇ ಹೋಗುತ್ತದೆ. ಇವುಗಳಿಗೆ ನಮ್ಮಂಥ ಎಂಎಚ್‌ಸಿ ಕಾವಲೂ ಇಲ್ಲ. ಹಾಗಾಗಿ ಇಲ್ಲಿ ಜಾತಿಯ ಗಡಿಯೂ ದಾಟಿದೆ. ಸ್ಪೇನಿನ ಕರಾವಳಿಯ ಒಂದು ಜಾತಿಯ ಚಿಪ್ಪಿನಲ್ಲಿರುವ ಕ್ಯಾನ್ಸರ್ ಹುಟ್ಟಿದ್ದು ಅಲ್ಲೇ ಇರುವ ಬೇರೊಂದು ಜಾತಿಯಲ್ಲಿ. ಉತ್ತರಗೋಳದ ಒಂದು ಜಾತಿಯ ನೀಲಿಕಲ್ಲಿನಲ್ಲಿ ಹುಟ್ಟಿದ್ದು ಯುರೋಪಿನ ಮತ್ತು ದಕ್ಷಿಣ ಅಮೆರಿಕದ ಬೇರೆ ಜಾತಿಗಳಲ್ಲಿ ಕಾಣುತ್ತದೆ. ಅಷ್ಟು ದೂರ ತೇಲಿಕೊಂಡು ಹೋಗಲಾರದು, ಹಡಗಿನ ತಳಕ್ಕೆ ಅಂಟಿದ ಚಿಪ್ಪುಗಳೇ ಒಯ್ದಿರಬೇಕು. ತಿನ್ನುವವರಿಗೆ ಇದರಿಂದ ಅಪಾಯವಿಲ್ಲ. ಆ ಕೋಶಗಳು ಮನುಷ್ಯರ ಮೈಯಲ್ಲಿ ಬೆಳೆಯಲಾರವು.

ಮನುಷ್ಯರ ಮಾತು ಬಂತು. ನಮ್ಮಲ್ಲಿ ಹರಡುತ್ತಾ ಹೋಗುವ ಇಂಥ ಕ್ಯಾನ್ಸರ್ ಯಾವುದೂ ಇಲ್ಲ. ಒಬ್ಬರಿಂದ ಒಬ್ಬರಿಗೆ ದಾಟಿದ ಬಿಡಿ ಘಟನೆಗಳಿವೆ: ದಾನ ಮಾಡಿದ ಅಂಗದ ಜೊತೆ, ಗರ್ಭಿಣಿಯಿಂದ ಮಗುವಿಗೆ, ಮತ್ತು 1996ರಲ್ಲಿ ವರದಿಯಾದಂತೆ ಆಪರೇಶನ್ ಮಾಡುವಾಗ ಕೈ ಕುಯ್ದುಕೊಂಡ ಶಸ್ತ್ರವೈದ್ಯರೊಬ್ಬರಿಗೆ. ಎಲ್ಲವೂ ಎರಡನೇ ವ್ಯಕ್ತಿಗೇ ನಿಂತಿವೆ. ದಾಟಲು ಬಾಗಿಲು, ದಾರಿಯಲ್ಲಿ ಜೀವ ಉಳಿಯುವುದು, ಹೊಸ ಮೈಯ ಕಾವಲು ತಪ್ಪಿಸುವುದು, ಅಲ್ಲಿಂದ ಮತ್ತೆ ಹೊರಬೀಳುವುದು, ಈ ನಾಲ್ಕೂ ಒಟ್ಟಿಗೆ ಕೂಡಿಬರಬೇಕು. ನಾಯಿಯ ಗಡ್ಡೆಯಂತೂ ನಾಯಿ, ತೋಳ, ನರಿಗಳ ಬಳಗದ ಆಚೆ ಹೋಗದು. ನೀವು ಮುಟ್ಟಿ ಒರೆಸಬಹುದು, ಕೈತೊಳೆದುಕೊಂಡರೆ ಆಯಿತು.

ಇನ್ನು ವಿಕಾಸದ ಅಸಲಿ ಪ್ರಶ್ನೆಗೆ ಬರುತ್ತೇನೆ. ಸಾವಿರಾರು ವರ್ಷ ಬದುಕಿದ ಕ್ಯಾನ್ಸರ್ ದಿನೇದಿನೇ ಚತುರವಾಗುತ್ತಾ ಬಂದಿರಬೇಕಲ್ಲವೇ? ನಿಮ್ಮ ನಾಯಿಯ ಗಡ್ಡೆಯ ಜೀನೋಮ್ ಹಾಗೆ ಹೇಳುವುದಿಲ್ಲ. ಅದರಲ್ಲಿ ಸುಮಾರು 19 ಲಕ್ಷ ಮ್ಯುಟೇಶನ್‌ಗಳಿವೆ. ಮನುಷ್ಯರ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಕೆಲವೇ ಸಾವಿರ. 600ಕ್ಕೂ ಹೆಚ್ಚು ಜೀನುಗಳು ಅದರಲ್ಲಿ ಇಲ್ಲವಾಗಿವೆ. ಬಿಸಿಲು ಬೀಳುವ ಮೈಭಾಗದಲ್ಲಿರುವುದರಿಂದ ನೇರಳಾತೀತ ಕಿರಣದ ಗಾಯದ ಗುರುತುಗಳು ಕೂಡ ಡಿಎನ್‌ಎಯಲ್ಲಿವೆ. ಸಮಭಾಜಕ ವೃತ್ತಕ್ಕೆ ಹತ್ತಿರದ ದೇಶಗಳ ಗಡ್ಡೆಗಳಲ್ಲಿ ಅವು ಹೆಚ್ಚು. ಈ ರಾಶಿಯಲ್ಲಿ ಗಡ್ಡೆಗೆ ಉಪಯೋಗಕ್ಕೆ ಬಂದವು ಎಷ್ಟು ಎಂದು ತಿಳಿಯಲು ಒಂದು ಅಳತೆ ಇದೆ. ಪ್ರೋಟೀನನ್ನು ಬದಲಿಸುವ ಮ್ಯುಟೇಶನ್‌ಗಳನ್ನು, ಬದಲಿಸದೆ ಸುಮ್ಮನಿರುವ ಮ್ಯುಟೇಶನ್‌ಗಳಿಗೆ ಹೋಲಿಸಬೇಕು. ಉಪಯುಕ್ತವಾದವನ್ನು ನಿಸರ್ಗದ ಆಯ್ಕೆ ಎತ್ತಿ ಹಿಡಿದಿದ್ದರೆ ಅನುಪಾತ ಒಂದಕ್ಕಿಂತ ಮೇಲಿರುತ್ತದೆ, ಹಾನಿಕರವಾದವನ್ನು ತೊಡೆದುಹಾಕಿದ್ದರೆ ಕೆಳಗಿರುತ್ತದೆ. ಸಿಟಿವಿಟಿಯಲ್ಲಿ ಅದು ಹೆಚ್ಚುಕಡಿಮೆ ಒಂದು. ಕ್ಯಾನ್ಸರಿಗೆ ದೂಡುವ ಐದು ಬದಲಾವಣೆಗಳು ಸಿಗುತ್ತವೆ, ಎಂವೈಸಿ, ಸಿಡಿಕೆಎನ್2ಎ, ಪಿಟೆನ್, ಆರ್‌ಬಿ1, ಸೆಟ್‌ಡಿ2 ಜೀನುಗಳಲ್ಲಿ, ಐದೂ ಆರಂಭದಲ್ಲೇ ಆದವು. ಆಮೇಲಿನದೆಲ್ಲ ಹೆಚ್ಚಾಗಿ ಆಕಸ್ಮಿಕದ ಹರಿವು. ಕೆಲವೇ ಕೋಶಗಳಿಂದ ಹೊಸ ಗಡ್ಡೆ ಶುರುವಾಗುವುದರಿಂದ ಪ್ರತಿ ದಾಟುವಿಕೆಯಲ್ಲೂ ಅದೃಷ್ಟದ ಪಾಲು ದೊಡ್ಡದು. ಲೈಂಗಿಕ ಸಂತಾನದಲ್ಲಾದರೆ ಕೆಟ್ಟ ಜೀನನ್ನು ಕಳಚಿ ಒಳ್ಳೆಯದನ್ನು ಬೆರೆಸಿಕೊಳ್ಳುವ ಅವಕಾಶವಿರುತ್ತದೆ. ಈ ಗಡ್ಡೆಗೆ ಮೈಟೊಕಾಂಡ್ರಿಯಾ ಕದಿಯುವುದರಾಚೆ ಆ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ, ಸವೆತ ಸೇರುತ್ತಲೇ ಹೋಗುತ್ತದೆ.

ನನ್ನ ಪ್ರಕಾರ ನಿಮ್ಮ ನಾಯಿಗೆ ಒಳ್ಳೆಯ ಸುದ್ದಿ ಇರುವುದು ಇಲ್ಲೇ. ಈ ಕ್ಯಾನ್ಸರ್ ಉಳಿದಿರುವುದು ಚತುರವಾಗಿದ್ದಕ್ಕಲ್ಲ, ಬದುಕಲು ಸಾಕಾಗುವಷ್ಟು ಇದ್ದದ್ದಕ್ಕೆ. ಔಷಧಿಗೆ ಬಗ್ಗದ ಕೋಶ ಒಂದು ನಾಯಿಯೊಳಗೆ ಹುಟ್ಟಬಹುದು. ಆದರೆ ಚಿಕಿತ್ಸೆಗೆ ಬಂದ ನಾಯಿ ಸಾಮಾನ್ಯವಾಗಿ ಮತ್ತೆ ಕೂಡುವುದಿಲ್ಲ, ಪ್ರಪಂಚದ ಬಹುಪಾಲು ಗಡ್ಡೆಗಳು ಔಷಧಿಯ ಮುಖವನ್ನೇ ನೋಡದ ಬೀದಿನಾಯಿಗಳಲ್ಲಿವೆ. ಹಾಗಾಗಿ ಔಷಧಿಗೆ ಜಗ್ಗದ ಗುಣ ಸಂತತಿಯಾಗಿ ಮುಂದುವರಿಯುವ ದಾರಿ ಕಡಿಮೆ. ದಶಕಗಳಿಂದ ಕೊಡುತ್ತಿರುವ ಅದೇ ವಿಂಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಇಂದಿಗೂ ಕೆಲಸ ಮಾಡುತ್ತದೆ.

ಮೊದಲು ರೋಗ ಇದೇ ಎಂದು ಖಚಿತವಾಗಲಿ. ಗಡ್ಡೆಯ ಮೇಲೆ ಗಾಜಿನ ಸ್ಲೈಡನ್ನು ಒತ್ತಿ, ಒಣಗಿಸಿ, ಬಣ್ಣ ಹಾಕಿ ನೋಡಿದರೆ ದುಂಡನೆಯ ಕೋಶಗಳು, ಅವುಗಳ ದ್ರವಭಾಗದಲ್ಲಿ ಸಾಲಾಗಿ ಖಾಲಿ ಗುಳ್ಳೆಗಳು ಕಾಣುತ್ತವೆ. ಹತ್ತು ನಿಮಿಷದ ಕೆಲಸ. ಹೆಣ್ಣುನಾಯಿಗಳಲ್ಲಿ ಬೆದೆಯ ರಕ್ತ ಎಂದುಕೊಂಡು, ಗಂಡುಗಳಲ್ಲಿ ಮೂತ್ರದ ಸೋಂಕು ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವುದೇ ಹೆಚ್ಚು. ಮೂಸುವ, ನೆಕ್ಕುವ ಅಭ್ಯಾಸದಿಂದ ಮೂಗಿನಲ್ಲೂ ಬರುತ್ತದೆ, ಗಂಡುಗಳಿಗೆ ಜಾಸ್ತಿ. ನಮ್ಮಲ್ಲಿ ಮೂಗಿನಿಂದ ರಕ್ತ ಬಂದರೆ ಉಣ್ಣೆಜ್ವರ ಎಂದೇ ಔಷಧಿ ಕೊಡುತ್ತಾರೆ. ಒಂದೇ ಹೊಳ್ಳೆಯಿಂದ ಬರುತ್ತಿದ್ದು, ಮೂಗಿನ ಮೇಲ್ಭಾಗ ಊದಿದ್ದರೆ ಸಿಟಿವಿಟಿಯನ್ನು ನೆನೆಯಬೇಕು. ಎರಡೂ ಒಟ್ಟಿಗೆ ಇರುವ ನಾಯಿಗಳೂ ಉಂಟು, ಆದ್ದರಿಂದ ರಕ್ತಪರೀಕ್ಷೆ ಬಿಡಬೇಡಿ.

ವಿಂಕ್ರಿಸ್ಟಿನ್ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 0.5ರಿಂದ 0.7 ಮಿಲಿಗ್ರಾಂ, ವಾರಕ್ಕೊಮ್ಮೆ, ರಕ್ತನಾಳದೊಳಗೆ ಮಾತ್ರ. 15 ಕೆಜಿ ನಾಯಿಯ ಮೇಲ್ಮೈ ಸುಮಾರು 0.6 ಚದರ ಮೀಟರು. ಅಂದರೆ 0.3ರಿಂದ 0.42 ಮಿಲಿಗ್ರಾಂ. ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ ಇರುವ ವಯಲಿನಲ್ಲಿ ಅರ್ಧ ಎಂಎಲ್ಲೂ ಆಗುವುದಿಲ್ಲ. ಕೆಜಿಗೆ 0.025 ಮಿಲಿಗ್ರಾಂ ಎಂಬ ಲೆಕ್ಕದಲ್ಲೂ 0.375 ಬರುತ್ತದೆ. ತೀರಾ ಚಿಕ್ಕ ನಾಯಿಗಳಿಗೆ ಮೇಲ್ಮೈ ಲೆಕ್ಕ ಹೆಚ್ಚಾಗುತ್ತದೆ, ಅವಕ್ಕೆ ತೂಕದ ಲೆಕ್ಕವೇ ಕ್ಷೇಮ. ಕೋಲಿ ಜಾತಿಯ ನಾಯಿಗಳಲ್ಲಿ ಎಂಡಿಆರ್1 ಜೀನು ಕೆಟ್ಟಿರಬಹುದು, ಔಷಧಿ ದೇಹದಲ್ಲೇ ಉಳಿದು ವಿಷವಾಗುತ್ತದೆ. ತೂಕವನ್ನು ಕಣ್ಣಂದಾಜಿನಲ್ಲಿ ಹೇಳದೆ ತಕ್ಕಡಿಗೆ ಹಾಕಿಸಿ.

ಅತಿ ದೊಡ್ಡ ಅನಾಹುತ ಆಗುವುದು ಔಷಧಿ ನಾಳದ ಹೊರಗೆ ಸೋರಿದಾಗ. ಒಂದೆರಡು ಹನಿ ಹೊರಬಿದ್ದರೂ ಕಾಲಿನ ಚರ್ಮ, ಮಾಂಸ ಕೊಳೆತು ಉದುರುತ್ತದೆ. ಆದ್ದರಿಂದ ನೇರ ಸೂಜಿಯಿಂದ ಚುಚ್ಚಬಾರದು. ಹೊಸದಾಗಿ, ಮೊದಲ ಚುಚ್ಚಿಗೇ ಸರಿಯಾಗಿ ಕೂತ ಕ್ಯಾನುಲಾ ಹಾಕಿ, ಸಲೈನ್ ಬಿಟ್ಟು ಸರಾಗವಾಗಿ ಹೋಗುತ್ತಿದೆಯೇ ನೋಡಿ, ಔಷಧಿ ಕೊಟ್ಟು, ಮತ್ತೆ 10 ಎಂಎಲ್ ಸಲೈನಿನಿಂದ ತೊಳೆಯಬೇಕು. ಸೋರಿದರೆ ಕ್ಯಾನುಲಾ ಕೀಳುವ ಮೊದಲು ಅದರಿಂದಲೇ ಆದಷ್ಟು ಹಿಂದಕ್ಕೆ ಎಳೆದು, ಬಿಸಿ ಶಾಖ ಕೊಡಬೇಕು. ಮಂಜುಗಡ್ಡೆ ಇಡಬಾರದು, ಈ ಔಷಧಿಗೆ ತಂಪು ಹಾನಿ ಹೆಚ್ಚಿಸುತ್ತದೆ. ಬೀದಿನಾಯಿ ಕೊಸರಾಡುವಂತಿದ್ದರೆ ಮತ್ತು ಬರಿಸುವ ಇಂಜೆಕ್ಷನ್ ಕೇಳಿ, ಅಲ್ಲಿ ಮೊಂಡು ಹಿಡಿಯಬೇಡಿ.

ಪ್ರತಿ ವಾರ ಔಷಧಿಗೆ ಮುನ್ನ ಬಿಳಿ ರಕ್ತಕಣ ಎಣಿಸಬೇಕು. 4,000ಕ್ಕಿಂತ ಕೆಳಗಿದ್ದರೆ ಆ ದಿನ ಕೊಡದೆ ಮೂರ್ನಾಲ್ಕು ದಿನ ಮುಂದೂಡಿ, ಮುಂದಿನ ಡೋಸು ತಗ್ಗಿಸುತ್ತಾರೆ. ನಡುವೆ ಜ್ವರ, ಊಟ ಬಿಡುವುದು, ಬೇಧಿ ಕಂಡರೆ ಕಾಯದೆ ಕರೆದೊಯ್ಯಿರಿ. ಔಷಧಿ ಕೊಟ್ಟ ಎರಡು ಮೂರು ದಿನ ನಾಯಿಯ ಮೂತ್ರ, ಮಲ, ವಾಂತಿಯನ್ನು ಕೈಗವಸು ಹಾಕಿಯೇ ತೆಗೆಯಬೇಕು, ಬಸುರಿಯರು ಮುಟ್ಟಲೇಬಾರದು. ಗರ್ಭ ಕಟ್ಟಿರುವ ನಾಯಿಗಾದರೆ ವೈದ್ಯರಿಗೆ ಮೊದಲೇ ಹೇಳಿ.

ನಾಲ್ಕರಿಂದ ಎಂಟು ವಾರಗಳಲ್ಲಿ ಹತ್ತರಲ್ಲಿ ಒಂಬತ್ತು ನಾಯಿಗಳು ವಾಸಿಯಾಗುತ್ತವೆ. ಎರಡನೇ ಇಂಜೆಕ್ಷನ್ನಿಗೇ ರಕ್ತ ನಿಂತು ಗಡ್ಡೆ ಅರ್ಧಕ್ಕಿಳಿಯುತ್ತದೆ, ಊಟ ಹಾಕುವವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮರಳಿ ಬರುವ ಗಡ್ಡೆಗಳ ಹಿಂದೆ ಈ ಅರ್ಧ ಚಿಕಿತ್ಸೆಯೇ ಹೆಚ್ಚಾಗಿರುತ್ತದೆ. ಕಣ್ಣಿಗೂ ಬೆರಳಿಗೂ ಗಡ್ಡೆ ಸಿಗದಾಗುವ ತನಕ ನಿಲ್ಲಿಸಬೇಡಿ. ವಿಂಕ್ರಿಸ್ಟಿನ್ ಕೊಲ್ಲುವುದು ಕೆಲಸದ ಒಂದು ಭಾಗ ಮಾತ್ರ. ಸಾಯುತ್ತಿರುವ ಕೋಶಗಳು ಬಿಳಿ ಕಣಗಳನ್ನು ಕರೆಸಿಕೊಂಡು, ಉಳಿದದ್ದನ್ನು ನಾಯಿಯ ದೇಹವೇ ಮುಗಿಸುತ್ತದೆ. ಹೀಗಾಗಿ ಹೊಟ್ಟೆಗಿಲ್ಲದ, ಹುಳುಬಿದ್ದ, ಉಣ್ಣೆಜ್ವರದ ನಾಯಿಗಳಲ್ಲಿ ಫಲ ನಿಧಾನ. ಚೆನ್ನಾಗಿ ಊಟ ಹಾಕುವುದು ಇಲ್ಲಿ ಚಿಕಿತ್ಸೆಯ ಪಾಲೇ. ಆರು ವಾರ ಕಳೆದರೂ ಜಗ್ಗದಿದ್ದರೆ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಔಷಧಿ ಇದೆ, ಸೌಲಭ್ಯವಿರುವ ಕಡೆ ವಿಕಿರಣ ಚಿಕಿತ್ಸೆಯೂ ಇದೆ. ಬರೀ ಕತ್ತರಿಸಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಬುಡದಲ್ಲಿ ಉಳಿದ ಕೋಶ ಮತ್ತೆ ಬೆಳೆಯುತ್ತದೆ, ಕತ್ತರಿಯ ತುದಿಯಿಂದ ಪಕ್ಕದ ಗಾಯಕ್ಕೂ ನಾಟಿಕೊಳ್ಳಬಹುದು.

ಉಳಿದ ಎಲ್ಲ ನಾಯಿಗಳನ್ನೂ ಈ ವಾರವೇ ಹಿಂಬದಿ, ಶಿಶ್ನದ ಬುಡ, ಬಾಯಿ, ಮೂಗು ಬಿಡಿಸಿ ನೋಡಿಸಿ. ಗಂಡುನಾಯಿಗಳಲ್ಲಿ ಗಡ್ಡೆ ತೊಗಲಿನೊಳಗೆ, ಬುಡದಲ್ಲಿ ಅಡಗಿರುತ್ತದೆ, ಮೇಲಿಂದ ನೋಡಿದರೆ ಸಿಗದು. ಜೊತೆಗೂಡಿದ ಎರಡರಿಂದ ಆರು ತಿಂಗಳಲ್ಲಿ ಗಡ್ಡೆ ಕಾಣಿಸಿಕೊಳ್ಳುವುದರಿಂದ ಈಗ ಏನೂ ಸಿಗದಿದ್ದರೂ ಆರು ತಿಂಗಳ ತನಕ ತಿಂಗಳಿಗೊಮ್ಮೆ ನೋಡುತ್ತಿರಬೇಕು. ಇದಕ್ಕೆ ಲಸಿಕೆ ಇಲ್ಲ. ಗಡ್ಡೆಯಿರುವ ನಾಯಿಯನ್ನು ಚಿಕಿತ್ಸೆ ಮುಗಿಯುವ ತನಕ ಬೇರೆ ಕಡೆ ಕಟ್ಟಿಹಾಕಲು ಜಾಗ ಸಿಕ್ಕರೆ ಒಳ್ಳೆಯದು, ಬೆದೆಗೆ ಬರುವ ಹೊತ್ತಾದರಂತೂ ಅನಿವಾರ್ಯ. ಗಡ್ಡೆಯಿಲ್ಲದವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ತಕ್ಷಣ ಮಾಡಿಸಿ. ಗಡ್ಡೆಯಿರುವ ನಿಮ್ಮ ನಾಯಿಗೆ ಮಾತ್ರ ಗಡ್ಡೆ ಪೂರ್ತಿ ಹೋಗಿ, ರಕ್ತಕಣಗಳ ಎಣಿಕೆ ಮೊದಲಿನಂತಾದ ಮೇಲೆಯೇ ಮಾಡಿಸಿ.